ಹುಬ್ಬಳ್ಳಿಯಲ್ಲಿ ಮೊದಲ ಸಲ ಆಮೆ ಸಾಕುವವರು ಯಾವ ಜಾತಿ ತರಬೇಕು?

ಕಾಗದಪತ್ರ ಸರಿಯಿದ್ದರೆ ಹರ್ಮನ್ ಆಮೆ. ಇದು ದಕ್ಷಿಣ ಯುರೋಪಿನ ನೆಲದ ಆಮೆ. ಬೆಳೆದರೂ ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್, ಊಟದ ತಟ್ಟೆಯೊಳಗೆ ಕೂರುತ್ತದೆ. ಸುಲ್ಕಾಟಾ ಎಂಬ ಆಫ್ರಿಕಾದ ಆಮೆಯ ಮರಿ ಮುದ್ದಾಗಿರುತ್ತದೆ ನಿಜ, ಆದರೆ ಮುಂದೆ 40 ಕೆಜಿ ದಾಟಬಹುದು. ಬಾಡಿಗೆ ಮನೆಗೆ ಅದು ಆಗೋದಿಲ್ಲ.

ನಕ್ಷತ್ರ ಆಮೆ ಮಾತ್ರ ಬೇಡವೇ ಬೇಡ. ಅದೃಷ್ಟ ತರುತ್ತದೆ ಅಂತ ಯಾರಾದರೂ ಸುಮ್ನೆ ಕೊಟ್ಟರೂ ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಸಂರಕ್ಷಿತ ಪ್ರಾಣಿ, ಸಿಕ್ಕಿಬಿದ್ದರೆ ಜೈಲು. ಹರ್ಮನ್ ವಿದೇಶಿ ಜಾತಿ. ಅದಕ್ಕೂ ಖರೀದಿಯ ದಾಖಲೆ, ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಮಾರುವವರು "ಅದೆಲ್ಲ ಏನೂ ಬೇಡ್ರಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಹೊಸಬರು ಜಾಸ್ತಿ ಎಡವುವುದು ಬಿಸಿಲಿನ ವಿಷಯದಲ್ಲಿ. ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಮೈಮೇಲೆ ಬಿದ್ದಾಗ ಆಮೆಯ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಚಿಪ್ಪು ಅಂದರೆ ಎಲುಬೇ ಅಲ್ವಾ? ಬೆರಳಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ಬಹುಪಾಲು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಅಂಗಳದ ಎಳೆಬಿಸಿಲು, ಪಕ್ಕದಲ್ಲೇ ನೆರಳು ಇರಲಿ. ಜುಲೈನ ಜಿಟಿಜಿಟಿ ಮಳೆಯಲ್ಲಿ, ಧಾರವಾಡದ ಕಡೆಯಂತೂ, ಯುವಿಬಿ ದೀಪ ಮತ್ತು ಒಣ ಜಾಗ ಬೇಕೇ ಬೇಕು.

ತಿನ್ನಲು ದಾಸವಾಳದ ಎಲೆ, ಹೂ ಕೊಡಿ. ಅಂಗಳದ ಕಾಂಗ್ರೆಸ್ ಕಸ ವಿಷ, ಮೊದಲು ಕಿತ್ತುಹಾಕಿ. ಅಂದ ಹಾಗೆ ಈ ಆಮೆ 50 ವರ್ಷ ಬದುಕಬಹುದು, ಮಕ್ಕಳನ್ನೂ ಒಂದು ಮಾತು ಕೇಳಿ.