ಮುಂದೆ ಅರಮನೆ, ಹಿಂದೆ ಮೂವತ್ತು ಮನೆ

ಪ್ರಶ್ನೆ: ಇಂಗ್ಲೆಂಡಿನ ಬಾತ್ ಊರಿನಲ್ಲಿ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಸಾಲುಮನೆ ನೋಡಿಬಂದೆವು. ಎದುರು ನಿಂತರೆ ಒಂದೇ ಅರಮನೆ. ಹಿಂದಿನ ಬೀದಿಗೆ ಹೋದರೆ ಒಂದು ಮನೆಯ ಹಾಗೆ ಇನ್ನೊಂದಿಲ್ಲ. ದುಡ್ಡು ಸಾಲದೆ ಹೀಗಾಯಿತೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಹಿಂದಿನ ಬೀದಿಗೂ ಹೋದಿರಲ್ಲ, ಅದು ಕೇಳಿ ಬಹಳ ಸಂತೋಷವಾಯಿತು. ಹೆಚ್ಚಿನವರು ಹುಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ.

ದುಡ್ಡಿನ ಕೊರತೆ ಅಲ್ಲ, ಕರಾರೇ ಹಾಗಿತ್ತು. 1767ರಲ್ಲಿ ಕೆಲಸ ಹಿಡಿದ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ವಿನ್ಯಾಸ ಮಾಡಿದ್ದು ಮುಂದಿನ ಮುಖವನ್ನು: 30 ಮನೆ, ಎರಡು ಅಂತಸ್ತಿನುದ್ದಕ್ಕೂ ಎದ್ದ 114 ಅಯೋನಿಕ್ (ತಲೆಯಲ್ಲಿ ಸುರುಳಿ ಕೆತ್ತಿದ ಗ್ರೀಕ್ ಶೈಲಿಯ) ಕಂಬ. ಕೊಳ್ಳುವವರು ಆ ಮುಖದಲ್ಲಿ ತಮಗೆ ಬೇಕಾದಷ್ಟು ಅಗಲ ಕೊಂಡು, ಅದರ ಹಿಂದೆ ತಮ್ಮದೇ ಮೇಸ್ತ್ರಿಯನ್ನಿಟ್ಟು ಮನೆ ಕಟ್ಟಿಸಿಕೊಂಡರು. ಅದಕ್ಕೇ ಮುಂದೆ ನಯವಾಗಿ ಕಡೆದ ಜೇನುಬಣ್ಣದ ಕಲ್ಲು, ಹಿಂದೆ ಒರಟು ಕಲ್ಲು, ಮನಸ್ಸಿಗೆ ಬಂದ ಎತ್ತರಕ್ಕೆ ಸೂರು. ನನಗಂತೂ ಆ ಹಿಂಬದಿಯೇ ಹೆಚ್ಚು ಇಷ್ಟ. ಅಲ್ಲಿ ಮನುಷ್ಯರು ಬಾಳಿದ ಗುರುತಿದೆ.

ಮುಂದೆಯೂ ಅಂಥದೊಂದು ಜಾಗ ಇದೆ. ಕಬ್ಬಿಣದ ಕಂಬಿಗಳ ಮೇಲಿಂದ ಬಗ್ಗಿ ನೋಡಿದಿರಾ? ರಸ್ತೆಗೂ ಗೋಡೆಗೂ ನಡುವೆ ಒಂದಾಳುದ್ದದ ತಗ್ಗು ಬಿಟ್ಟಿದ್ದಾರೆ. ನೆಲಮಾಳಿಗೆಗೆ ಬೆಳಕು ಬರುವುದು ಅಲ್ಲಿಂದ. ಆಳುಗಳು ಓಡಾಡಿದ್ದು ಆ ಕಡಿದಾದ ಮೆಟ್ಟಿಲುಗಳಲ್ಲಿ. ಇಂಥ ಸಾಲುಮನೆಗಳಲ್ಲಿ ಪಾದಚಾರಿ ದಾರಿಯ ಅಡಿಯಲ್ಲೇ ಕಮಾನಿನ ಗೂಡುಗಳಿರುತ್ತವೆ. ಕಲ್ಲಿದ್ದಲಿನವನು ಮೇಲಿನ ದುಂಡು ಮುಚ್ಚಳ ತೆಗೆದು ಮೂಟೆ ಸುರಿದರೆ ಮನೆಯೊಳಗೆ ಮಸಿ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತಿದ್ದೆ. ಮೇಲೆ ಕಂಬಗಳಿಗೆ ಬಿಸಿಲು ಬಡಿದು ಹೊಳೆಯುತ್ತಿತ್ತು, ತಗ್ಗಿನ ಕಲ್ಲಿನಲ್ಲಿ ಹಸಿರು ಪಾಚಿ. ನೀರು, ಇದ್ದಿಲು, ತಟ್ಟೆ ಹೊತ್ತು ಆ ಆಳುಗಳು ದಿನಕ್ಕೆ ಎಷ್ಟು ಸಲ ಹತ್ತಿಳಿದರೋ ಎಂದು ಕರುಳು ಚುರುಕ್ ಎಂದಿತು.

1942ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಬಾಂಬು ಹಾಕಿದಾಗ 2 ಮತ್ತು 17ನೇ ಮನೆಗಳ ಒಳಗೆಲ್ಲ ಸುಟ್ಟುಹೋಯಿತು. ಆಮೇಲೆ ಒಳಗೆ ಮತ್ತೆ ಕಟ್ಟಿದರು. ಸಾಲಿನ ಮುಖ ಮುರಿಯಲು ಬಿಡಲಿಲ್ಲ.

ಆ ಮುಖದ ವಿಷಯಕ್ಕೆ ಜಗಳವೂ ಆಗಿದೆ. 1970ರ ದಶಕದಲ್ಲಿ 22ನೇ ಮನೆಯಾಕೆ ಬಾಗಿಲಿಗೆ ಹಳದಿ ಬಣ್ಣ ಬಳಿಸಿದರು. ಸಾಲಿನ ಉಳಿದವೆಲ್ಲ ಬಿಳಿ. ನಗರಾಡಳಿತ ಬದಲಿಸಿ ಎಂದಿತು, ಆಕೆ ಒಪ್ಪಲಿಲ್ಲ, ವಿಚಾರಣೆ ನಡೆದು ಹಳದಿಯೇ ಗೆದ್ದಿತು. ಮುಖ ಎಲ್ಲರ ಸೊತ್ತು ಎನ್ನುವವನು ನಾನು, ಆದರೂ ಈ ವಿಷಯದಲ್ಲಿ ಆಕೆಯ ಕಡೆಗೇ ನನ್ನ ವೋಟು. ಮತ್ತೆ ಹೋದರೆ ಆ ಬಾಗಿಲ ಮುಂದೆಯೂ ಒಂದು ನಿಮಿಷ ನಿಲ್ಲಿ.