ಒಂದು ಕಾಯಲ್ಲಿ ಲಕ್ಷ ಬೀಜ, ಆದರೂ ಕಾಡಿನ ಆರ್ಕಿಡ್ ಅಪರೂಪವೇಕೆ?

ಪ್ರಶ್ನೆ: ಕಾಡಿನ ಮರವೊಂದರ ಕೊಂಬೆಗೆ ಅಂಟಿಕೊಂಡಿದ್ದ ಆರ್ಕಿಡ್ ಗಿಡವನ್ನು ಬೇರುಸಮೇತ ತಂದು ಕುಂಡದ ಮಣ್ಣಲ್ಲಿ ನೆಟ್ಟಿದ್ದೆ. ಒಮ್ಮೆ ಹೂಬಿಟ್ಟು ಆಮೇಲೆ ಕೊಳೆತುಹೋಯಿತು. ಆರೈಕೆಯಲ್ಲಿ ತಪ್ಪಿದೆನೇ? ನರ್ಸರಿಗಳಲ್ಲಿ ಬೇಕಾದಷ್ಟು ಸಿಗುವ ಆರ್ಕಿಡ್ ಅಳಿವಿನ ಅಂಚಿನಲ್ಲಿದೆ ಎನ್ನುತ್ತಾರಲ್ಲ, ಅದು ಹೇಗೆ?

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ತಪ್ಪಾದದ್ದು ಗಿಡ ಕಿತ್ತಾಗಲೇ. ಮರದ ಮೇಲಿನ ಆರ್ಕಿಡ್ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಕೊಂಬೆ ಅದಕ್ಕೆ ಬರೀ ಆಸರೆ. ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರವಿರುತ್ತದೆ. ಮಳೆ, ಮಂಜಿನ ನೀರನ್ನು ಅದು ಥಟ್ಟನೆ ಹೀರಿ, ಗಾಳಿಗೆ ಮತ್ತೆ ಒಣಗುತ್ತದೆ. ಅಂಥ ಬೇರನ್ನು ಒದ್ದೆ ಮಣ್ಣಲ್ಲಿ ಹೂತರೆ ಕೊಳೆಯದೆ ಇನ್ನೇನಾದೀತು?

ನನಗೆ ಹೆಚ್ಚು ನೋವಾಗುವುದು ಆ ಗಿಡ ಕಾಡಲ್ಲಿ ಉದುರಿಸಬೇಕಿದ್ದ ಬೀಜಗಳನ್ನು ನೆನೆದಾಗ. ಕೆಲವು ಜಾತಿಗಳ ಒಂದೇ ಕಾಯಿಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೀಜಗಳಿರುತ್ತವೆ. ಆದರೆ ಅವು ಧೂಳಿನಷ್ಟು ಸಣ್ಣವು, ಮೊಳಕೆಗೆ ಬೇಕಾದ ಬುತ್ತಿ ಅವುಗಳಲ್ಲಿ ಇಲ್ಲ. ಹೊಂದುವ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರಷ್ಟೇ ಕಾಡಲ್ಲಿ ಬೀಜ ಗಿಡವಾದೀತು. ಈ ನಂಟನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೊಯೆಲ್ ಬರ್ನಾರ್ಡ್. ಶಿಲೀಂಧ್ರದ ಬದಲು ಸಕ್ಕರೆ ಬೆರೆತ ಪೋಷಕಾಂಶಗಳ ಮಿಶ್ರಣ ಕೊಟ್ಟರೂ ಬೀಜ ಮೊಳೆಯುತ್ತದೆಂದು ಅಮೆರಿಕದ ಲೂಯಿಸ್ ನುಡ್ಸನ್ 1922ರಲ್ಲಿ ತೋರಿಸಿದರು. ನರ್ಸರಿಯಲ್ಲಿ ನೀವು ಕಾಣುವ ಆರ್ಕಿಡ್‌ಗಳಲ್ಲಿ ಬಹುಪಾಲು ಹೀಗೆ ಬಾಟಲಿಯಲ್ಲಿ ಬೆಳೆದವು, ಅದರಲ್ಲೂ ಹೆಚ್ಚಿನವು ಮಿಶ್ರತಳಿಗಳು. ಅವು ಎಷ್ಟು ಲಕ್ಷ ಮಾರಾಟವಾದರೂ ಕಾಡಿನ ಲೆಕ್ಕಕ್ಕೆ ಒಂದೂ ಸೇರುವುದಿಲ್ಲ.

ಜಗತ್ತಿನಲ್ಲಿ ಸುಮಾರು 28,000 ಆರ್ಕಿಡ್ ಜಾತಿಗಳಿವೆ. ಪರಾಗಸ್ಪರ್ಶಕ್ಕೆ ಒಂದೊಂದರದು ಒಂದೊಂದು ಉಪಾಯ. ಆಫ್ರಿಸ್ ಕುಲದ ಹೂಗಳು ಹೆಣ್ಣು ಕೀಟದ ವಾಸನೆ ಸೂಸಿ ಗಂಡನ್ನು ಕರೆಯುತ್ತವೆ. ಮಡಗಾಸ್ಕರ್‌ನ ಒಂದು ಆರ್ಕಿಡ್‌ನ ಮಕರಂದ ಸುಮಾರು ಒಂದಡಿ ಉದ್ದದ ನಳಿಕೆಯ ತಳದಲ್ಲಿದೆ. ಅಷ್ಟೇ ಉದ್ದ ನಾಲಗೆಯ ಪತಂಗವೊಂದು ಇರಲೇಬೇಕೆಂದು ಡಾರ್ವಿನ್ 1862ರಲ್ಲಿ ಬರೆದರು. ಆ ಪತಂಗವನ್ನು ವಿಜ್ಞಾನಿಗಳು ವಿವರಿಸಿದ್ದು 1903ರಲ್ಲಿ. ಇಂಥ ಹೂವಿಗೆ ಪತಂಗ ತಪ್ಪಿದರೆ ಬೀಜವೂ ತಪ್ಪಿತು. ಕಾಡು ಕಡಿದಾಗ, ಹಳೆಯ ಮರ ಉರುಳಿಸಿದಾಗ, ಕೀಟನಾಶಕ ಸುರಿದಾಗ ಈ ಸಂಬಂಧಗಳಲ್ಲಿ ಯಾವುದೋ ಒಂದು ಕಡಿದುಹೋಗುತ್ತದೆ.

ಇದರ ಜೊತೆಗೆ ಸಂಗ್ರಹಕಾರರ ಹಪಾಹಪಿ. ಇಡೀ ಆರ್ಕಿಡ್ ಕುಟುಂಬ, ಅಳಿವಿನಂಚಿನ ಜೀವಿಗಳನ್ನು ಕಾಯಲು ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿದ್ದು, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಆದರೂ 1999ರಲ್ಲಿ ಹೊಸದಾಗಿ ಹೆಸರು ಪಡೆದ ವಿಯೆಟ್ನಾಮಿನ ಪೇಫಿಯೋಪೆಡಿಲಮ್ ವಿಯೆಟ್ನಾಮೆನ್ಸ್ ಎಂಬ ಆರ್ಕಿಡ್ ಅನ್ನು ಕೆಲವೇ ವರ್ಷಗಳಲ್ಲಿ ಕಾಡಿನಿಂದ ಹೆಚ್ಚುಕಡಿಮೆ ಬರಿದು ಮಾಡಿಬಿಟ್ಟರು. ಬ್ರಿಟನ್ನಿನ ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಕೂಡ ಅಳಿದೇಹೋಯಿತೆಂದು 1917ರಲ್ಲಿ ನಂಬಿದ್ದರು. 1930ರಲ್ಲಿ ಯಾರ್ಕ್‌ಶೈರ್‌ನಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಜಾಗವನ್ನು ಗುಟ್ಟಾಗಿಟ್ಟು, ದಶಕಗಳ ಕಾಲ ಕಾವಲು ಕಾದು ಅದನ್ನು ಉಳಿಸಿಕೊಂಡರು.

ಮುಂದೆ ಆರ್ಕಿಡ್ ಸಾಕುವ ಆಸೆಯಾದರೆ ನರ್ಸರಿಯಲ್ಲೇ ಬೆಳೆಸಿದ ಗಿಡವೆಂದು ಕೇಳಿ ಖಚಿತಪಡಿಸಿಕೊಂಡು ಕೊಳ್ಳಿ. ಕಾಡಲ್ಲಿ ಕಂಡರೆ ಫೋಟೊ ತೆಗೆಯಿರಿ, ಸ್ನೇಹಿತರಿಗೂ ತೋರಿಸಿ. ಆದರೆ ಅದು ಯಾವ ಮರ, ಯಾವ ದಾರಿ ಎಂದು ಮಾತ್ರ ಎಲ್ಲೂ ಹಾಕಬೇಡಿ.