ಓವನ್ ಇಲ್ಲದ ಮನೆಯಲ್ಲಿ ಕ್ರಿಸ್‌ಮಸ್ ಕುಕ್ಕಿ, ಸಂಕ್ರಾಂತಿ ಬಿಲ್ಲೆ

ಡಿಸೆಂಬರ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಕುಕ್ಕಿಯ ಸುತ್ತಲೇ. ಬೀದರ್‌ನವರು ಕ್ರಿಸ್‌ಮಸ್‌ಗೆ ಕೇಳುತ್ತಾರೆ. ಕಲಬುರಗಿ, ಯಾದಗಿರಿಯವರು ಮಕ್ಕಳ ರಜೆಗೆ, ಎಳ್ಳಮಾವಾಸ್ಯೆಗೆ, ಸಂಕ್ರಾಂತಿಗೆ ಕೇಳುತ್ತಾರೆ. ಬಹಳ ಜನರ ಮನೆಯಲ್ಲಿ ಓವನ್ ಇಲ್ಲ. ಅದಕ್ಕಾಗಿ ಹಿಂಜರಿಯುವುದು ಬೇಡ. ಬೇಕ್ ಮಾಡದ ಕುಕ್ಕಿಯಲ್ಲಿ ಕಲಿಯಬೇಕಾದದ್ದು ಒಂದೇ, ಅದು ಸರಿಯಾಗಿ ಸೆಟ್ ಆಗುವಂತೆ ನೋಡಿಕೊಳ್ಳುವುದು. ಶೇಂಗಾ ಉಂಡಿ, ಎಳ್ಳಿನ ಚಿಕ್ಕಿ ಕಟ್ಟಿ ಗೊತ್ತಿರುವ ಕೈಗೆ ಆ ಲೆಕ್ಕ ಅರ್ಧ ಬಂದೇ ಇರುತ್ತದೆ.

ಪ್ರಶ್ನೆ: ಅಕ್ಕಾ, ನಾವು ಬೀದರ್‌ನವರು. ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ 40 ಮಕ್ಕಳಿದ್ದಾರೆ. ಅವರಿಗೆ ನಕ್ಷತ್ರ, ಕ್ರಿಸ್‌ಮಸ್ ಗಿಡದ ಆಕಾರದ ಕುಕ್ಕಿ ಮಾಡಿಕೊಡುವ ಆಸೆ. ಮೇಲೆ ಐಸಿಂಗ್ ಡಿಸೈನೂ ಬೇಕು. ಮನೆಯಲ್ಲಿ ಗ್ಯಾಸ್, ಮಿಕ್ಸರ್, ಫ್ರಿಜ್ ಬಿಟ್ಟರೆ ಏನೂ ಇಲ್ಲ. ಆಗುತ್ತಾ?

ಉತ್ತರ: ಆಗುತ್ತೆ ತಂಗಿ, ಚೆನ್ನಾಗಿಯೇ ಆಗುತ್ತೆ. 25 ಕುಕ್ಕಿಯ ಅಳತೆ ಹೇಳುತ್ತೇನೆ, ನೀನು ಎರಡು ಪಟ್ಟು ಮಾಡಿಕೋ. ಮುರಿದದ್ದು ಬಿಟ್ಟರೂ 40ಕ್ಕೆ ಸಾಕಾಗುತ್ತದೆ.

200 ಗ್ರಾಂ ಮಾರಿ ಬಿಸ್ಕತ್ತನ್ನು ಮಿಕ್ಸರ್‌ನಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿ. ಜರಡಿ ಹಿಡಿಯುವುದನ್ನು ಬಿಡಬೇಡ. ಒಂದು ದಪ್ಪ ಚೂರು ಉಳಿದರೂ ನಕ್ಷತ್ರದ ತುದಿ ಅಲ್ಲೇ ಮುರಿಯುತ್ತದೆ. ಇದಕ್ಕೆ 50 ಗ್ರಾಂ ಒಣ ಕೊಬ್ಬರಿ ತುರಿ ಹಾಕು, ಅದೂ ನುಣ್ಣಗಿರಲಿ. ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ ಹಾಕಿ ಕೈಯಿಂದ ಉಜ್ಜು. ಕಡೆಗೆ 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಅಂದರೆ ಸುಮಾರು ಅರ್ಧ ಡಬ್ಬಿ. ಒಮ್ಮೆಲೇ ಸುರಿಯಬೇಡ, ಸ್ವಲ್ಪ ಸ್ವಲ್ಪವೇ ಹಾಕಿ ನಾದು. ಪೂರಿ ಹಿಟ್ಟಿನಷ್ಟು ಗಟ್ಟಿಯಾದರೆ ಅಲ್ಲಿಗೆ ನಿಲ್ಲಿಸು. ನಂತರ ಹತ್ತು ನಿಮಿಷ ಮುಚ್ಚಿಡು. ಬಿಸ್ಕತ್ತು ಪುಡಿ ಹಾಲಿನ ಪಸೆಯನ್ನು ಹೀರಿಕೊಳ್ಳಲು ಅಷ್ಟು ಹೊತ್ತು ಬೇಕು. ಮೊದಲು ಕೈಗೆ ಅಂಟುತ್ತಿದ್ದ ಹಿಟ್ಟು ಆಮೇಲೆ ತಾನೇ ಬಿಡುತ್ತದೆ. ಆಗಲೂ ಅಂಟಿದರೆ ಮಾತ್ರ ಇನ್ನೊಂದು ಚಮಚ ಪುಡಿ ಸೇರಿಸು.

ಲಟ್ಟಿಸುವುದು ಎರಡು ಬಟರ್ ಪೇಪರ್ ನಡುವೆ. ದಪ್ಪ ಎಷ್ಟೆಂದರೆ, ಒಂದು ರೂಪಾಯಿಯ ಮೂರು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ನಮ್ಮ ಕೈಗೆ ರೊಟ್ಟಿಯ ತೆಳು ರೂಢಿ ಅಲ್ವಾ, ಗೊತ್ತಿಲ್ಲದೆ ಜಾಸ್ತಿ ತೆಳುವಾಗಿಬಿಡುತ್ತದೆ. ತೆಳುವಾದರೆ ಎತ್ತುವಾಗ ಹರಿಯುತ್ತದೆ. ಲಟ್ಟಿಸಿದ್ದನ್ನು ಹಾಗೆಯೇ ತಾಟಿನ ಮೇಲಿಟ್ಟು 20 ನಿಮಿಷ ಫ್ರಿಜ್‌ನಲ್ಲಿಡು. ಕತ್ತರಿಸುವುದು ಆಮೇಲೆ. ಎಷ್ಟೋ ಜನ ಮೊದಲು ಕತ್ತರಿಸಿ ಆಮೇಲೆ ತಣ್ಣಗಾಗಿಸುತ್ತಾರೆ. ಹಾಗೆ ಮಾಡಿದರೆ ನಕ್ಷತ್ರದ ಅಂಚು ಮೊಂಡಾಗಿ ಬರುತ್ತದೆ. ಅಚ್ಚು ಇಲ್ಲದಿದ್ದರೆ ದಪ್ಪ ರಟ್ಟಿನಲ್ಲಿ ಆಕಾರ ಕತ್ತರಿಸಿ ಬಟರ್ ಪೇಪರ್ ಸುತ್ತಿ ಹಿಟ್ಟಿನ ಮೇಲಿಟ್ಟು, ಚೂಪು ಚಾಕುವಿನಿಂದ ಸುತ್ತ ಕೊಯ್ದುಕೋ.

ಕತ್ತರಿಸಿದ ಕುಕ್ಕಿಯನ್ನು ಮುಚ್ಚದೆ ಒಂದು ರಾತ್ರಿ ಫ್ರಿಜ್‌ನಲ್ಲಿಡು. ಮೈ ಒಣಗಬೇಕು. ಮರುದಿನ ಹೊರಗೆ ತೆಗೆದ ಕೂಡಲೇ ಐಸಿಂಗ್ ಹಾಕಲು ಹೋಗಬೇಡ. ತಣ್ಣನೆಯ ಕುಕ್ಕಿಯ ಮೇಲೆ ಸಣ್ಣ ಬೆವರು ಕೂರುತ್ತದೆ. ಅದರ ಮೇಲೆ ಬಿಡಿಸಿದ ಗೆರೆ ಜಾರುತ್ತದೆ, ಕೆಂಪು ಬಣ್ಣ ಬಿಳಿಗೆ ಹರಿಯುತ್ತದೆ. ನನ್ನ ತರಗತಿಯಲ್ಲಿ ಒಂದು ವರ್ಷ ಅವಸರ ಮಾಡಿ ಮಕ್ಕಳು ಬಿಡಿಸಿದ ಅರವತ್ತು ಕುಕ್ಕಿ ಹೀಗೇ ಕೆಟ್ಟವು. ಅವರ ಮುಖ ನೋಡಲಾಗಲಿಲ್ಲ. ಅಂದಿನಿಂದ 20 ನಿಮಿಷ ಹೊರಗಿಟ್ಟು, ಬೆರಳ ತುದಿಯಿಂದ ಮುಟ್ಟಿ, ಪಸೆ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಕೋನ್ ಕೈಗೆ ಕೊಡುತ್ತೇನೆ.

ಐಸಿಂಗ್‌ಗೆ 100 ಗ್ರಾಂ ಐಸಿಂಗ್ ಸಕ್ಕರೆ, ಎರಡು ಚಹಾ ಚಮಚ ಹಾಲು. ಆಮೇಲೆ ಬೇಕಾದಷ್ಟು ಹನಿ ಹನಿಯಾಗಿ. ಹಸಿ ಮೊಟ್ಟೆಯ ಬಿಳಿ ಹಾಕಿ ಮಾಡುವ ಪದ್ಧತಿಯೂ ಇದೆ. ಸಣ್ಣ ಮಕ್ಕಳು ತಿನ್ನುವುದು, ಅದು ಬೇಡ. ಹದ ನೋಡಲು ಚಮಚ ಎತ್ತಿ ಕೆಳಗೆ ಬಿಡು. ಬಿದ್ದ ಎಳೆ ಹತ್ತು ಎಣಿಸುವವರೆಗೆ ಮೇಲೆ ಕಾಣುತ್ತಿದ್ದರೆ ಗೆರೆ ಎಳೆಯಲು ಸರಿ. ಅದಕ್ಕಿಂತ ಬೇಗ ಮುಳುಗಿದರೆ ಅದು ಕುಕ್ಕಿಯ ಮೈ ತುಂಬಲು ಸರಿ. ಪೈಪಿಂಗ್ ಚೀಲಕ್ಕೆ ದುಡ್ಡು ಹಾಕಬೇಡ. ಬಟರ್ ಪೇಪರನ್ನು ಮೆಹಂದಿ ಕೋನ್‌ನಂತೆ ಸುತ್ತಿ ತುದಿ ಕತ್ತರಿಸು. ಮನೆಯಲ್ಲಿ ಮೆಹಂದಿ ಹಾಕುವ ಹುಡುಗಿ ಇದ್ದರೆ ಅವಳನ್ನೇ ಕೂರಿಸು. ಒತ್ತುವ ಅಳತೆ, ಕೈ ಎತ್ತುವ ಅಳತೆ ಎರಡೂ ಅವಳಿಗೆ ಗೊತ್ತು.

ಬೀದರ್‌ನವಳು ಎಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಕೆಲವು ಕುಕ್ಕಿಯನ್ನು ದುಂಡಗೆ ಕತ್ತರಿಸಿ ಕರಗಿಸಿದ ಡಾರ್ಕ್ ಚಾಕಲೇಟ್‌ನಲ್ಲಿ ಅದ್ದಿ ಒಣಗಿಸು. ಮೇಲೆ ಬಿಳಿ ಐಸಿಂಗ್‌ನಿಂದ ಬಿದ್ರಿ ಹೂಬಳ್ಳಿ ಬಿಡಿಸು. ನಿಮ್ಮೂರಿನ ಬಿದ್ರಿ ಕಲೆಯಲ್ಲಿ ಸತು, ತಾಮ್ರ ಬೆರೆಸಿದ ಲೋಹದ ಪಾತ್ರೆಗೆ ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣು, ನವಸಾಗರ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ನಿನಗೆ ಕಪ್ಪು ಮೊದಲು, ಬೆಳ್ಳಿ ಆಮೇಲೆ. ಗೆರೆ ಸಣ್ಣದಿದ್ದಷ್ಟೂ ಚೆಂದ. ಮೊದಲು ನಡುವೆ ಒಂದು ಹೂವು, ಅದರ ಸುತ್ತ ಎಲೆ, ಕಡೆಗೆ ಅಂಚಿಗೆ ಚುಕ್ಕಿ. ನಾನು ನೋಡಿದ ಕ್ರಿಸ್‌ಮಸ್ ಕುಕ್ಕಿಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ.

ಪ್ರಶ್ನೆ: ಮೇಡಂ, ಎರಡು ಕಪ್ ಸಕ್ಕರೆ, ಅರ್ಧ ಕಪ್ ಹಾಲು, ಅರ್ಧ ಕಪ್ ಬೆಣ್ಣೆ, ಕಾಲು ಕಪ್ ಕೋಕೋ ಕುದಿಸಿ, ಅರ್ಧ ಕಪ್ ಶೇಂಗಾ ಪೇಸ್ಟ್, ಮೂರು ಕಪ್ ಓಟ್ಸ್ ಕಲಸಿ ಕುಕ್ಕಿ ಹಾಕಿದೆ. ಮೊದಲ ಸಲ ರಾತ್ರಿಯಿಡೀ ಬಿಟ್ಟರೂ ಗಟ್ಟಿಯಾಗಲಿಲ್ಲ. ಎರಡನೇ ಸಲ ಪುಡಿ ಪುಡಿ ಆಯಿತು. ಅಳತೆ ಎರಡೂ ಸಲ ಒಂದೇ. (ಯಾದಗಿರಿ)

ಉತ್ತರ: ನಿಮ್ಮ ಅಳತೆ ಸರಿಯಾಗಿಯೇ ಇದೆ. ತಪ್ಪಿದ್ದು ಕುದಿಯ ಹೊತ್ತು. ಹಾಲು, ಬೆಣ್ಣೆಯಲ್ಲಿರುವ ನೀರು ಎಷ್ಟು ಆರುತ್ತದೋ ಅದರ ಮೇಲೆ ಪಾಕ ನಿಲ್ಲುತ್ತದೆ. ನೀರು ಜಾಸ್ತಿ ಉಳಿದರೆ ಕುಕ್ಕಿ ಮೆತ್ತಗಾಗುತ್ತದೆ. ಜಾಸ್ತಿ ಆರಿದರೆ ಸಕ್ಕರೆ ಮತ್ತೆ ಹರಳುಗಟ್ಟಿ ಉದುರುತ್ತದೆ.

ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಗಡಿಯಾರ ನೋಡಲು ಶುರು ಮಾಡಬೇಡಿ. ನಡುಮಧ್ಯೆಯೂ ಉಕ್ಕುಕ್ಕಿ ಕುದಿಯಬೇಕು, ಸೌಟು ತಿರುವಿದರೂ ಕುದಿ ನಿಲ್ಲಬಾರದು. ಆಮೇಲೆ ಸರಿಯಾಗಿ ಒಂದು ನಿಮಿಷ. ನನಗೆ ಗಡಿಯಾರಕ್ಕಿಂತ ನಮ್ಮ ಹಳೆಯ ಪರೀಕ್ಷೆಯ ಮೇಲೆಯೇ ಹೆಚ್ಚು ನಂಬಿಕೆ. ಒಂದು ವಾಟಿಯಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಪಾಕ ಹಾಕಿ. ಕರಗಿ ಹೋದರೆ ಇನ್ನೂ ಆಗಿಲ್ಲ. ಬೆರಳಿನಲ್ಲಿ ಒತ್ತಿದಾಗ ಮೆತ್ತನೆ ಉಂಡಿಯಾಗಿ ಕೂಡಿದರೆ ಒಲೆ ಆರಿಸಿ. ಶೇಂಗಾ ಪೇಸ್ಟ್, ಓಟ್ಸ್ ಹತ್ತಿರವೇ ಇರಲಿ. ಪಾಕ ಆದ ಮೇಲೆ ಡಬ್ಬಿ ಹುಡುಕಲು ಸಮಯ ಇರುವುದಿಲ್ಲ.

ಮೆತ್ತಗಾದ ಹಳೆಯದನ್ನು ಚೆಲ್ಲಬೇಡಿ. ಪುಟಾಣಿ (ಹುರಿಗಡಲೆ) ಹಿಟ್ಟು ಕಲಸಿ ಉಂಡಿ ಕಟ್ಟಿ, ಕೊಬ್ಬರಿಯಲ್ಲಿ ಹೊರಳಿಸಿ. ಬಿಳಿ ಬಿಳಿಯಾಗಿ ಹಿಮದ ಉಂಡಿಯ ಹಾಗೆ ಕಾಣುತ್ತದೆ, ಮಕ್ಕಳು ಅದನ್ನೇ ಮೊದಲು ಕೇಳುತ್ತಾರೆ. ಪುಡಿಯಾದದ್ದಕ್ಕೆ ಎರಡು ಚಮಚ ಬಿಸಿ ಹಾಲು ಹಾಕಿ ಸಣ್ಣ ಉರಿಯಲ್ಲಿ ಕಲಸಿದರೆ ಮತ್ತೆ ಕೂಡುತ್ತದೆ.

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಬಿಳಿ ಚಾಕಲೇಟ್ ಗಟ್ಟಿ ತಂದು ಕರಗಿಸಿದೆ. ಹಸಿರು ಬಣ್ಣ ಎರಡು ಹನಿ ಹಾಕಿದ ಕೂಡಲೇ ಮುದ್ದೆ ಕಟ್ಟಿತು. ಚಾಕಲೇಟ್ ಹಳೆಯದಿತ್ತಾ?

ಉತ್ತರ: ಇಲ್ಲ, ಅಂಗಡಿಯವರ ತಪ್ಪಲ್ಲ. ನೀರಿನಂಥ ಬಣ್ಣ ಹಾಕಿದ್ದೀರಿ. ಚಾಕಲೇಟ್ ಎಂದರೆ ಕೊಬ್ಬಿನಲ್ಲಿ ನುಣ್ಣನೆ ಸಕ್ಕರೆ, ಹಾಲಿನ ಪುಡಿ. ಒಂದೆರಡು ಹನಿ ನೀರು ಬಿದ್ದರೆ ಸಕ್ಕರೆಯೆಲ್ಲ ಒದ್ದೆಯಾಗಿ ಒಂದಕ್ಕೊಂದು ಅಂಟಿ ಮುದ್ದೆ ಕಟ್ಟುತ್ತದೆ. ಹಬೆಯಿಂದಲೂ ಹೀಗಾಗುತ್ತದೆ. ಬಿಸಿ ನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಕರಗಿಸುವಾಗ, ಕೆಳಗಿನ ಪಾತ್ರೆಯ ಬಾಯಿಗಿಂತ ಬೋಗುಣಿ ದೊಡ್ಡದಿರಲಿ, ತಳ ನೀರಿಗೆ ತಾಗದಿರಲಿ. ನೀರು ಬಿಸಿಯಾದ ಮೇಲೆ ಉರಿ ಆರಿಸಿಬಿಡಿ, ಆ ಶಾಖವೇ ಸಾಕು. ಬಿಳಿ ಚಾಕಲೇಟ್ ಬೇಗ ಸೀಯುತ್ತದೆ. ಬಣ್ಣ ಬೇಕಾದರೆ ಎಣ್ಣೆಯಲ್ಲಿ ಕರಗುವ ಚಾಕಲೇಟ್ ಬಣ್ಣವೇ ಕೇಳಿ.

ಪೊಟ್ಟಣದ ಮೇಲೆ ಕಾಂಪೌಂಡ್ ಎಂದಿದ್ದರೆ ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ರುಚಿ ಸ್ವಲ್ಪ ಕಡಿಮೆ, ನಿಜ. ಆದರೆ ಕರಗಿಸಿ ಅದ್ದಿದರೆ ಸುಮ್ನೆ ತಾನೇ ಗಟ್ಟಿಯಾಗುತ್ತದೆ, ಹೊಳಪೂ ಬರುತ್ತದೆ. ಮನೆಯ ಕೆಲಸಕ್ಕೆ ನಾನು ಅದನ್ನೇ ಹೇಳುತ್ತೇನೆ. ಮುದ್ದೆಯಾದ ಚಾಕಲೇಟ್‌ಗೆ ಬಿಸಿ ಹಾಲು ಸೇರಿಸಿ ಮಕ್ಕಳಿಗೆ ಕುಡಿಯಲು ಕೊಡಿ.

ಪ್ರಶ್ನೆ: ಬಿಸ್ಕತ್ತು ಪುಡಿ ಕಡಿಮೆ ಬಿದ್ದರೆ ಮೈದಾ ಸೇರಿಸಬಹುದಾ?

ಉತ್ತರ: ಬೇಡ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಬೇಯಿಸಿದರೆ ಸಾಯುತ್ತವೆ, ಇಲ್ಲಿ ನಾವು ಬೇಯಿಸುವುದೇ ಇಲ್ಲವಲ್ಲ. ಪುಟಾಣಿ ಹಿಟ್ಟು ಅಥವಾ ಹಾಲಿನ ಪುಡಿ ಹಾಕಿ.

ಪ್ರಶ್ನೆ: ಐಸಿಂಗ್‌ಗೆ ಯಾವ ಬಣ್ಣ ಸುರಕ್ಷಿತ? ಅಂಗಡಿಯಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಡಿಯಾಗಿ ಕೊಡುತ್ತಾರೆ.

ಉತ್ತರ: ಹೆಸರಿಲ್ಲದ ಬಿಡಿ ಬಣ್ಣ ದಯವಿಟ್ಟು ತರಬೇಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿದೆಯಲ್ಲ? ಆಗ ಸಿಕ್ಕ ಬಣ್ಣಗಳಲ್ಲಿ ರೋಡಮೈನ್-ಬಿ ಕೂಡ ಇತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ತರುವುದಾದರೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಲೈಸೆನ್ಸ್ ಸಂಖ್ಯೆ, ಬಣ್ಣದ ಹೆಸರು, ಕೊನೆಯ ದಿನಾಂಕ ಮೂರೂ ಇರುವ ಡಬ್ಬಿ ತನ್ನಿ. ಟೂತ್‌ಪಿಕ್ ತುದಿಯಷ್ಟು ಹಾಕಿದರೆ ಸಾಕು.

ಬೀಟ್‌ರೂಟ್ ರಸವೂ ಚೆನ್ನಾಗಿ ಒದಗುತ್ತದೆ. ಐಸಿಂಗ್‌ಗೆ ಹಾಲಿನ ಬದಲು ಅದನ್ನೇ ಹಾಕಿ, ಒಳ್ಳೆ ಗುಲಾಬಿ ಬರುತ್ತದೆ. ಹಳದಿಗೆ ಕೇಸರಿ ನೆನೆಸಿದ ಹಾಲು. ಹಸಿರಿಗೆ ಪಾಲಕ್ ರಸ ಎರಡು ಚಮಚ, ವಾಸನೆ ಮುಚ್ಚಲು ಒಂದು ಚಿಟಿಕೆ ಏಲಕ್ಕಿ. ಅಂಗಡಿಯ ಬಣ್ಣದಷ್ಟು ಗಾಢ ಬರುವುದಿಲ್ಲ. ನನಗೆ ಆ ತಿಳಿ ಬಣ್ಣವೇ ಇಷ್ಟ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಯವರು ಚಾಕಲೇಟ್, ಬಿಸ್ಕತ್ತು ಯಾವುದೂ ತಿನ್ನುವುದಿಲ್ಲ. ಹಲ್ಲೂ ಗಟ್ಟಿ ಇಲ್ಲ, ಚಿಕ್ಕಿ ಕಡಿಯಲು ಆಗುವುದಿಲ್ಲ. ಸಂಕ್ರಾಂತಿಗೆ ಅವರಿಗೂ ಚೆಂದದ ಕುಕ್ಕಿ ಮಾಡಬಹುದಾ? (ಕಲಬುರಗಿ)

ಉತ್ತರ: ಅವರಿಗೆ ಎಳ್ಳು ಬೆಲ್ಲದ ಬಿಲ್ಲೆ ಮಾಡಿ, ಮೇಲೆ ಕುಸುರೆಳ್ಳಿನ, ಅಂದರೆ ಸಕ್ಕರೆ ಪಾಕ ಕಟ್ಟಿ ಮುಳ್ಳು ಬರಿಸಿದ ಎಳ್ಳಿನ ಅಲಂಕಾರ. ಒಂದು ಕಪ್ ಬಿಳಿ ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು ಮುಕ್ಕಾಲು ಪಾಲು ತರಿತರಿಯಾಗಿ ಕುಟ್ಟಿ. ಅರ್ಧ ಕಪ್ ಹುರಿದ ಶೇಂಗಾ ಪುಡಿ ಸೇರಿಸಿ. ಒಂದು ಕಪ್ ಪುಡಿ ಬೆಲ್ಲಕ್ಕೆ ಒಂದು ಚಮಚ ತುಪ್ಪ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಪಾಕ ಮಾಡಿ. ಚಿಕ್ಕಿಯ ಪಾಕವಾದರೆ ತಣ್ಣೀರಿಗೆ ಹಾಕಿ ಗಟ್ಟಿಯಾದ ಪಾಕದ ಹನಿ ತಾಟಿಗೆ ಬಡಿದಾಗ ಟಣ್ ಅನ್ನುತ್ತದೆ. ಅಲ್ಲಿಗೆ ಹೋಗಬೇಡಿ. ಹನಿ ಉರುಳಿಸಿದರೆ ಉಂಡಿಯಾಗಬೇಕು, ಒತ್ತಿದರೆ ಸ್ವಲ್ಪ ತಗ್ಗಬೇಕು. ಒಲೆ ಆರಿಸಿ ಎಳ್ಳು, ಶೇಂಗಾ, ಏಲಕ್ಕಿ ಕಲಸಿ ತುಪ್ಪ ಸವರಿದ ತಾಟಿಗೆ ಸುರಿದು, ತುಪ್ಪ ಸವರಿದ ವಾಟಿಯ ತಳದಿಂದ ಒತ್ತಿ ಸಮ ಮಾಡಿ.

ಮೇಲೆ ಬೀದರ್ ತಂಗಿಗೆ ಅಲಂಕಾರಕ್ಕೆ ಒಂದು ರಾತ್ರಿ ಕಾಯಲು ಹೇಳಿದೆ. ಇಲ್ಲಿ ಕಾಯುವ ಹಾಗಿಲ್ಲ. ಬೆಲ್ಲ ಬಿಸಿ ಇರುವಾಗಲೇ ಕುಸುರೆಳ್ಳು ಒತ್ತಬೇಕು, ತಣ್ಣಗಾದರೆ ಒಂದೂ ನಿಲ್ಲುವುದಿಲ್ಲ. ನಿಮಗೆ ಸಿಗುವುದು ನಾಲ್ಕೈದು ನಿಮಿಷ. ಒಬ್ಬರು ಸಣ್ಣ ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸುತ್ತಾ ಹೋಗಲಿ, ಇನ್ನೊಬ್ಬರು ಹಿಂದೆಯೇ ಕುಸುರೆಳ್ಳು ಇಡಲಿ. ಬೆರಳಿನಿಂದ ಜೋರಾಗಿ ಒತ್ತಿದರೆ ಅದರ ಮುಳ್ಳು ಮುರಿಯುತ್ತದೆ. ಚಳಿಯ ಮುಂಜಾವಿನಲ್ಲಿ ಕೂತು, ಬೆಚ್ಚಗಿನ ಎಳ್ಳಿಗೆ ಸಕ್ಕರೆ ಪಾಕ ಚಮಚ ಚಮಚವಾಗಿ ಬಿಟ್ಟು, ಬೆರಳಿನಿಂದ ಆಡಿಸಿ ಆಡಿಸಿ ಬರಿಸಿದ ಮುಳ್ಳು ಅದು. ಅದಕ್ಕೇ ಮೆಲ್ಲಗೆ ಇಟ್ಟು, ಮೇಲೊಂದು ಬಟರ್ ಪೇಪರ್ ಹಾಕಿ ಅಂಗೈಯಿಂದ ಒಮ್ಮೆ ಅದುಮಿ, ಸಾಕು. ನಡುವೆ ಒಂದು ಕೆಂಪು, ಸುತ್ತ ಆರು ಬಿಳಿ ಇಟ್ಟರೆ ಹೂವಾಗುತ್ತದೆ. ಹೊಸ ಮದುಮಗಳಿಗೆ, ಕೂಸಿಗೆ ಕುಸುರೆಳ್ಳಿನ ಒಡವೆ ಮಾಡಿ ಗೊತ್ತಿದ್ದರೆ ಈ ಕೆಲಸ ನಿಮ್ಮ ಅತ್ತೆಯವರಿಗೇ ಬಿಡಿ, ಅವರೇ ನಿಮಗೆ ಕಲಿಸುತ್ತಾರೆ.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಪಸೆ ಕೂತು ಕುಸುರೆಳ್ಳಿನ ಬಣ್ಣ ಇಳಿಯುತ್ತದೆ. ಇದನ್ನು ಫ್ರಿಜ್‌ನಲ್ಲಿ ಇಡಬೇಡಿ.